ಕಿಟೆಲ್ ಅಂದ್ರೆ ಅಂಗಿ

ಕಿಟೆಲ್ ಅಂದ ಕೂಡಲೇ ಕನ್ನಡಿಗರಿಗೆ ನೆನಪಾಗೋದು ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು. ನಮ್ಮ ಪದಗಳಿಗೆಲ್ಲ ಅರ್ಥ ಹುಡುಕಿದ ಆ ಪಾದ್ರಿಯ ಹೆಸರಿಗೇ ಅರ್ಥ ಏನು? ಕೇಳಿದವರು ಕಡಿಮೆ.

ಜರ್ಮನ್ ಭಾಷೆಯಲ್ಲಿ ಕಿಟೆಲ್ ಅಂದ್ರೆ ಮೇಲಂಗಿ. ಒಳಗಿನ ಬಟ್ಟೆ ಕೊಳೆಯಾಗದಿರಲಿ ಅಂತ ಕೆಲಸದವರು ಹಾಕಿಕೊಳ್ಳೋ ದೊಗಳೆ ಅಂಗಿ. ಇವತ್ತಿಗೂ ಅಲ್ಲಿ ಡಾಕ್ಟರು ತೊಡೋ ಬಿಳಿ ಕೋಟಿಗೆ ಅದೇ ಮಾತು. ನೂರಾರು ವರ್ಷಗಳ ಹಿಂದೆ ಇಂಥ ಅಂಗಿ ಹೊಲಿಯುವವನನ್ನೋ, ಸದಾ ಅದನ್ನೇ ತೊಟ್ಟು ತಿರುಗುವವನನ್ನೋ ಊರವರು ಹಾಗೆ ಕರೆದರು. ಅದು ಮಕ್ಕಳು ಮೊಮ್ಮಕ್ಕಳಿಗೂ ಅಂಟಿತು. ಶ್ಮಿಟ್ ಅಂದ್ರೆ ಕಮ್ಮಾರ, ಮ್ಯೂಲರ್ ಅಂದ್ರೆ ಹಿಟ್ಟಿನ ಗಿರಣಿಯವ, ಶ್ನೈಡರ್ ಅಂದ್ರೆ ದರ್ಜಿ. ನಮ್ಮ ಉತ್ತರ ಕರ್ನಾಟಕದ ಬಡಿಗೇರ, ಪತ್ತಾರ, ಅಂಗಡಿ, ಮೆಣಸಿನಕಾಯಿ ಇದ್ದ ಹಾಗೆ.

ಆದರೆ ಹೆಸರು ಹಿಡಿದು ಮನುಷ್ಯನನ್ನು ಅಳೆಯೋಕೆ ಹೊರಟರೆ ಏನಾಗುತ್ತೆ? ಅದಕ್ಕೂ ಜರ್ಮನಿಯೇ ಸಾಕ್ಷಿ. 1938ರಲ್ಲಿ ಹಿಟ್ಲರ್ ಸರ್ಕಾರ ಆದೇಶ ಹೊರಡಿಸಿತು: ಹೆಸರು ಕೇಳಿದ ಕೂಡಲೇ ಯಹೂದಿ ಅಂತ ಗೊತ್ತಾಗದ ಯಹೂದಿ ಗಂಡಸರು ‘ಇಸ್ರೇಲ್’ ಅಂತ, ಹೆಂಗಸರು ‘ಸಾರಾ’ ಅಂತ ಸೇರಿಸಿಕೊಳ್ಳಬೇಕು. ಮೊದಲು ಹೆಸರಿನಲ್ಲಿ ಗುರುತು, ಆಮೇಲೆ ಪಾಸ್‌ಪೋರ್ಟಿನಲ್ಲಿ ಮುದ್ರೆ, ಕೊನೆಗೆ ರೈಲು, ಸಾವಿನ ಕ್ಯಾಂಪು.

ಇನ್ನೊಂದು ಮಾತು ಕೇಳಿ. ಆ ಕಾಲದಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಗೆರ್ಹಾರ್ಡ್ ಕಿಟೆಲ್ ಎಂಬ ಪ್ರೊಫೆಸರ್ ಇದ್ದ. ಅವನೂ ನಿಘಂಟಿನ ಸಂಪಾದಕನೇ, ಬೈಬಲ್ಲಿನ ಗ್ರೀಕ್ ಪದಗಳದು. 1933ರಲ್ಲಿ ನಾಜಿ ಪಕ್ಷ ಸೇರಿ ಯಹೂದಿಗಳ ವಿರುದ್ಧ ಪುಸ್ತಕ ಬರೆದ. ನಮ್ಮ ಫರ್ಡಿನೆಂಡ್ ಕಿಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಸಿಕ್ಕಿದ್ದೂ, ಅವರು 1903ರಲ್ಲಿ ತೀರಿಕೊಂಡದ್ದೂ ಅದೇ ಟ್ಯೂಬಿಂಗೆನ್ನಿನಲ್ಲಿ.

ಊರು ಒಂದೇ, ಅಡ್ಡಹೆಸರು ಒಂದೇ, ಇಬ್ಬರ ಕೈಯಲ್ಲೂ ನಿಘಂಟು. ಒಬ್ಬರು ಕಡಲಾಚೆಯ ಜನರ ಮಾತಿಗೆ ಬದುಕನ್ನೇ ಕೊಟ್ಟರು. ಇನ್ನೊಬ್ಬ ಪಕ್ಕದ ಮನೆಯವನನ್ನೇ ಹೊರಗಿನವ ಅಂದ. ಅಡ್ಡಹೆಸರು ನೋಡಿ ಯಾರು ಎಂಥವರು ಅಂತ ಹೇಳೋಕಾಗುತ್ತಾ?

ನಾನು ಹೇಳೋದಿಷ್ಟೇ. ಬಾಡಿಗೆಗೆ ಮನೆ ಕೇಳಿಕೊಂಡು ಬಂದವನಿಗೆ ‘ಪೂರ್ತಿ ಹೆಸರು ಹೇಳಿ’ ಅಂತೀವಲ್ಲ, ಆಗ ನಮಗೆ ಬೇಕಿರೋದು ಹೆಸರಲ್ಲ ಸ್ವಾಮಿ, ಜಾತಿ. ಅಡ್ಡಹೆಸರು ಮುತ್ತಜ್ಜ ತೊಟ್ಟಿದ್ದ ಅಂಗಿ. ಆ ಅಂಗಿ ನೋಡಿ ಬಾಗಿಲು ಹಾಕಬೇಡಿ. ಬಂದವನನ್ನು ಒಳಗೆ ಕರೆದು ಮಾತಾಡಿಸಿ.