ದೂರದ ಪಾಠ, ತಡೆಯಿಲ್ಲದ ಚಿತ್ರ

ಮೇಷ್ಟ್ರು ಹಲಗೆಯ ಮೇಲೆ ಲೆಕ್ಕದ ಮೊದಲ ಸಾಲು ಬರೆದು, ಎರಡನೆಯದಕ್ಕೆ ಕೈಯೆತ್ತಿದ್ದಾರೆ. ಅಷ್ಟರಲ್ಲಿ ಚಿತ್ರ ನಿಂತುಹೋಗುತ್ತದೆ. ನಡುವೆ ಒಂದು ಚಕ್ರ ಗಿರ್ರನೆ ತಿರುಗತೊಡಗುತ್ತದೆ. ಮನೆಯ ಮಕ್ಕಳು ಹೀಗೆ ಫೋನಿನ ಮುಂದೆ ಕಾದು ಕುಳಿತುದನ್ನು ನೀವು ಕಂಡಿರಬಹುದು. ಸಿನಿಮಾ ನಿಂತರೆ ಬೇಸರ ಮಾತ್ರ. ಪಾಠ ನಿಂತರೆ ತಿಳಿವಿನ ಎಳೆಯೇ ಕಡಿಯುತ್ತದೆ. ಈ ಚಕ್ರ ತಿರುಗುವುದೇಕೆ, ನಿಲ್ಲಿಸುವ ಉಪಾಯವೇನು ಎಂಬುದನ್ನು ಇಂದು ವಿಚಾರ ಮಾಡೋಣ.

2001ರಲ್ಲಿ ಅಮೆರಿಕದ ಎಂ.ಐ.ಟಿ. ತನ್ನ ಪಾಠಸಾಮಗ್ರಿಯನ್ನು ಎಲ್ಲರಿಗೂ ಉಚಿತವಾಗಿ ಕೊಡುವುದಾಗಿ ಸಾರಿತು. ನಮ್ಮ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಎನ್.ಪಿ.ಟಿ.ಇ.ಎಲ್. ಯೋಜನೆಯನ್ನು ಕೈಗೊಂಡುವು. ವಿದ್ಯೆಯ ಬಾಗಿಲೇನೋ ತೆರೆಯಿತು. ಆದರೆ ದಾರಿ ದೂರ.

ಬಾನುಲಿಯ ರೀತಿ ನಿಮಗೆ ಗೊತ್ತೇ ಇದೆ. ನಿಲಯದಲ್ಲಿ ಒಬ್ಬರು ನುಡಿದರೆ ಲಕ್ಷ ಮನೆಗಳಿಗೆ ಒಟ್ಟಿಗೇ ಕೇಳಿಸುತ್ತದೆ. ಕೇಳುವವರು ಹೆಚ್ಚಿದರೆ ಧ್ವನಿಯೇನೂ ಸವೆಯದು. ಇಂಟರ್‌ನೆಟ್ಟಿನ ರೀತಿ ಬೇರೆ. ಅಲ್ಲಿ ನೋಡುವ ಒಬ್ಬೊಬ್ಬರಿಗೂ ಸಾಮಾನ್ಯವಾಗಿ ಬೇರೆ ಬೇರೆ ಪ್ರತಿಯೇ ಹೊರಡಬೇಕು. ಅದೂ ಸಣ್ಣ ಸಣ್ಣ ಪೊಟ್ಟಣಗಳಾಗಿ. ಒಂದಿಷ್ಟು ಕಳುಹಿಸಿ, 'ತಲುಪಿತು' ಎಂಬ ಉತ್ತರ ಬಂದಂತೆಲ್ಲ ಮುಂದಿನವನ್ನು ಕಳುಹಿಸುವುದು ರೂಢಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಆದರೂ 15,000 ಕಿಲೋಮೀಟರಿನ ಕಡಲತಂತಿಯಲ್ಲಿ ಒಮ್ಮೆ ಹೋಗಿಬರಲು 0.15 ಸೆಕೆಂಡು ಬೇಕು. ಇದೇನು ಮಹಾ ಎನ್ನಬೇಡಿ. ಓಡಾಟ ಹತ್ತಾರು ಸಲವಾದರೆ, ನಡುವೆ ನಾಲ್ಕು ಪೊಟ್ಟಣ ಕಳೆದರೆ, ಚಕ್ರ ತಿರುಗದೆ ಏನು ಮಾಡೀತು?

ಹಾಗಾದರೆ ಉಪಾಯ? ಊರಿಗೊಂದು ಶಾಖಾ ಗ್ರಂಥಾಲಯವಿದ್ದರೆ ಪುಸ್ತಕಕ್ಕಾಗಿ ರಾಜಧಾನಿಗೆ ಕಾಗದ ಬರೆಯಬೇಕಾಗಿಲ್ಲ. ಇದೂ ಹಾಗೆಯೇ. ವರ್ಲ್ಡ್ ವೈಡ್ ವೆಬ್ಬನ್ನು ನಿರ್ಮಿಸಿದ ಟಿಮ್ ಬರ್ನರ್ಸ್-ಲೀ 1995ರಲ್ಲಿ ಎಂ.ಐ.ಟಿ.ಯ ಸಹೋದ್ಯೋಗಿಗಳ ಮುಂದೆ ಈ ದಟ್ಟಣೆಯ ಸಮಸ್ಯೆಯನ್ನಿಟ್ಟರು. ಗಣಿತಜ್ಞ ಟಾಮ್ ಲೇಟನ್, ಅವರ ವಿದ್ಯಾರ್ಥಿ ಡ್ಯಾನಿಯಲ್ ಲೆವಿನ್ ಅದನ್ನು ಕೈಗೆತ್ತಿಕೊಂಡರು. 1998ರಲ್ಲಿ ಅಕಮೈ ಸಂಸ್ಥೆ ಹುಟ್ಟಿತು. ಹೆಚ್ಚು ಜನ ಕೇಳುವ ಸಾಮಗ್ರಿಯ ಪ್ರತಿಯನ್ನು ನೋಡುವವರ ಸಮೀಪದ ಯಂತ್ರಗಳಲ್ಲೇ ಇರಿಸುವುದು ಅದರ ಸೂತ್ರ. ಇಂದು ದೊಡ್ಡ ವಿಡಿಯೊ ಸೇವೆಗಳೆಲ್ಲ ಈ ಸೂತ್ರವನ್ನೇ ಹಿಡಿದಿವೆ.

ಎರಡನೆಯ ಉಪಾಯವೂ ಒಂದುಂಟು. ಒಂದೇ ಪಾಠವನ್ನು ಹಲವು ಗಾತ್ರಗಳಲ್ಲಿ ಸಿದ್ಧಪಡಿಸಿ, ಕೆಲವೇ ಸೆಕೆಂಡುಗಳ ತುಂಡುಗಳಾಗಿ ಇಡುತ್ತಾರೆ. ದಾರಿ ಬಿಡುವಾಗಿದ್ದರೆ ದೊಡ್ಡ ತುಂಡು, ಇಕ್ಕಟ್ಟಾದರೆ ಚಿಕ್ಕ ತುಂಡು. ಚಿತ್ರ ಕೊಂಚ ಮಸುಕಾದೀತು, ಪಾಠ ನಿಲ್ಲದು. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಒಂದು ಗಂಟೆಯ ಪಾಠಕ್ಕೆ 450 ಮೆಗಾಬೈಟ್ ತಗಲುತ್ತದೆ. 300 ಕಿಲೋಬಿಟ್ಟಿಗೆ ಇಳಿಸಿದರೆ 135 ಸಾಕು. ಡೇಟಾ ಅಳೆದು ತೂಗಿ ಕೊಳ್ಳುವ ಮನೆಗೆ ಇದು ಸಣ್ಣ ಉಳಿತಾಯವಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಮಾತಿನ ತೂಕ ತಿಳಿಯಿತು. ಆ ಮಾರ್ಚಿಯಲ್ಲಿ ಯೂಟ್ಯೂಬ್ ತನ್ನ ಚಿತ್ರದ ಮಟ್ಟವನ್ನು ತಾನೇ ಇಳಿಸಿ ಜಾಲದ ಹೊರೆಯನ್ನು ತಗ್ಗಿಸಿತು. ಜಾಲವೇ ಇಲ್ಲದ ಊರಿನ ಮಗುವಿಗೆ ಯಾವ ವೇಗದಿಂದ ಏನು ಪ್ರಯೋಜನ? ಅಂಥವರಿಗಾಗಿ ಕೊಲಿಬ್ರಿ ಎಂಬ ಉಚಿತ ಏರ್ಪಾಡಿದೆ: ಪಾಠಗಳನ್ನು ಒಮ್ಮೆ ಶಾಲೆಯ ಒಂದು ಕಂಪ್ಯೂಟರಿಗೆ ತುಂಬಿದರೆ, ಇಂಟರ್‌ನೆಟ್ಟಿಲ್ಲದೆಯೇ ಮಕ್ಕಳೆಲ್ಲ ನೋಡಬಹುದು.

ನಿಮ್ಮ ಕೈಯಲ್ಲೂ ಕೆಲಸವಿದೆ. ಪಾಠದ ವೇಳೆ ಮನೆಯ ಉಳಿದ ವಿಡಿಯೊಗಳಿಗೆ ಬಿಡುವು ಕೊಡಿ. ವೈಫೈ ಪೆಟ್ಟಿಗೆಯ ಹತ್ತಿರ ಮಗುವನ್ನು ಕೂರಿಸಿ. ಚಿತ್ರದ ಮಟ್ಟವನ್ನು ನೀವೇ ಇಳಿಸಿ. ಅನುಕೂಲವಿರುವಲ್ಲಿ ಹಿಂದಿನ ರಾತ್ರಿಯೇ ಪಾಠವನ್ನು ಇಳಿಸಿಟ್ಟುಕೊಳ್ಳಿ. ಮಗುವಿಗೆ ಬೇಕಾದುದು ಮೇಷ್ಟ್ರ ಅಂಗಿಯ ಹೊಳಪಲ್ಲ. ಅವರ ಸ್ಪಷ್ಟವಾದ ಮಾತು, ಹಲಗೆಯ ಮೇಲಿನ ಆ ಎರಡನೆಯ ಸಾಲು.