ತಿಳಿದ ಮಾತಿನಿಂದ ಇಂಗ್ಲಿಷ್ ಪದದ ಕಡೆಗೆ



ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕಗಳನ್ನೇ ಪಡೆದು, ಪಿ.ಯು.ಸಿ.ಯಲ್ಲಿ ವಿಜ್ಞಾನ ಆರಿಸಿಕೊಂಡ ಮಕ್ಕಳು ಮೊದಲ ಕೆಲವು ವಾರಗಳಲ್ಲೇ ಕಂಗಾಲಾಗುವುದನ್ನು ನೀವು ನೋಡಿರಬಹುದು. ನಿಮ್ಮ ಮನೆಯಲ್ಲೇ ನೋಡಿರಬಹುದು. ನಿನ್ನೆಯವರೆಗೆ ‘ವೇಗೋತ್ಕರ್ಷ’ವಾಗಿದ್ದದ್ದು ಇಂದು ‘ಆಕ್ಸಿಲರೇಷನ್’ ಆಗಿ ಎದುರಿಗೆ ನಿಂತಿರುತ್ತದೆ. ವಿಷಯ ಅದೇ, ಲೆಕ್ಕವೂ ಅದೇ. ಆದರೂ ಮಗು ‘ನನಗೆ ವಿಜ್ಞಾನ ತಲೆಗೆ ಹತ್ತುವುದಿಲ್ಲ’ ಎಂದು ತೀರ್ಮಾನಿಸಿ, ಬೇರೆ ವಿಭಾಗಕ್ಕೆ ಸೇರಿಸಿ ಎಂದು ಹಟ ಹಿಡಿಯುತ್ತದೆ. ಹತ್ತದಿರುವುದು ವಿಜ್ಞಾನವಲ್ಲ, ಪದಗಳು. ಆ ಪದಗಳನ್ನು ಕೂಡಿಸಿಕೊಳ್ಳುವ ಬಗೆಯನ್ನು ಕುರಿತು ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಇಂಗ್ಲಿಷ್ ಪದಗಳಲ್ಲಿ ಬೀದಿಯ ಪದಗಳು ಬೇರೆ, ಪಾಠದ ಪದಗಳು ಬೇರೆ. ಬಸ್ಸು, ಟಿಕೆಟ್ಟು, ಕರೆಂಟು, ಮಿಕ್ಸಿ, ಆಸ್ಪತ್ರೆಯ ಇಂಜೆಕ್ಷನ್ನು, ಇವನ್ನು ನಮಗೆ ಯಾರೂ ಕಲಿಸಲಿಲ್ಲ. ಬದುಕಿನ ಜೊತೆಗೇ ಬಂದವು. ‘ಅನಲೈಸ್’, ‘ಫ್ಯಾಕ್ಟರ್’, ‘ಸಿಗ್ನಿಫಿಕೆಂಟ್’ ಮುಂತಾದವು ಹಾಗೆ ಬರುವುದಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಅವು ಕಿವಿಗೆ ಬೀಳುವುದಿಲ್ಲ. ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲಿ ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿದರು. ಕೆನಡಾಕ್ಕೆ ವಲಸೆ ಬಂದ ಕುಟುಂಬಗಳ ಮಕ್ಕಳು ಸುಮಾರು 2 ವರ್ಷಗಳಲ್ಲಿ ಆಡುಮಾತಿನ ಇಂಗ್ಲಿಷನ್ನು ಕಲಿತುಬಿಡುತ್ತಿದ್ದರು. ಪಾಠದ ಇಂಗ್ಲಿಷಿನಲ್ಲಿ ಓರಗೆಯವರಿಗೆ ಸರಿಸಮನಾಗಲು 5ರಿಂದ 7 ವರ್ಷ ಬೇಕಾಗುತ್ತಿತ್ತು. ಸುತ್ತಲೂ ಇಂಗ್ಲಿಷೇ ತುಂಬಿರುವ ನಾಡಿನ ಮಾತು ಇದು. ನಮ್ಮ ಮಕ್ಕಳು ಅದನ್ನು ಒಂದು ಬೇಸಿಗೆ ರಜೆಯಲ್ಲಿ ಸಾಧಿಸಬೇಕೆಂದು ನಾವು ಬಯಸುತ್ತೇವೆ!

ಕಲಿಯಬೇಕಾದ ಪದಗಳೆಷ್ಟು? ಲೆಕ್ಕವಿಲ್ಲದಷ್ಟೇನೂ ಅಲ್ಲ. ಹಿಂದೆ ಢಾಕಾದಲ್ಲಿ ಅಧ್ಯಾಪಕರಾಗಿದ್ದ ಮೈಕೇಲ್ ವೆಸ್ಟ್ ಅವರು 1953ರಲ್ಲಿ ಸುಮಾರು 2000 ಬಳಕೆಯ ಪದಗಳ ಪಟ್ಟಿಯನ್ನು ಪ್ರಕಟಿಸಿದರು. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಅವರು 2000ದಲ್ಲಿ, ಎಲ್ಲ ಶಾಸ್ತ್ರಗಳ ಪುಸ್ತಕಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಆರಿಸಿ ಕೊಟ್ಟರು. ಕುಟುಂಬ ಎಂಬುದನ್ನು ಗಮನಿಸಿ. ಅನಲೈಸ್, ಅನಾಲಿಸಿಸ್, ಅನಲಿಟಿಕಲ್ ಇವು ಮೂರು ಪದಗಳಲ್ಲ, ಒಂದೇ ಮನೆಯವರು. ಆದರೆ ಈ ಪಟ್ಟಿಯನ್ನು ಗೋಡೆಗೆ ಅಂಟಿಸಿ ದಿನಕ್ಕೆ ಹತ್ತರಂತೆ ಉರು ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ಉರು ಹೊಡೆದ ಪದ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಪದ ನಿಲ್ಲಬೇಕಾದರೆ ಅದಕ್ಕೆ ನಿಮಗೆ ಮೊದಲೇ ತಿಳಿದಿರುವ ಯಾವುದಾದರೊಂದರ ಆಸರೆ ಬೇಕು.

ಆ ಆಸರೆ ನಿಮ್ಮ ಊರಿನಲ್ಲಿಯೇ ಇರುತ್ತದೆ. ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದ ಪುಟ್ಟೇನಹಳ್ಳಿಯನ್ನೇ ತೆಗೆದುಕೊಳ್ಳಿ. ಜೆ.ಪಿ. ನಗರದ ಕಡೆಯೂ ಒಂದು ಪುಟ್ಟೇನಹಳ್ಳಿ ಕೆರೆ ಉಂಟು. ನಾನು ಹೇಳುತ್ತಿರುವುದು ಅದಲ್ಲ. ಯಲಹಂಕದ ಈ ಕೆರೆಯನ್ನು ಸರ್ಕಾರ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದೆ. ಇಂಗ್ಲಿಷಿನಲ್ಲಿ ‘ಕನ್ಸರ್ವೇಷನ್ ರಿಸರ್ವ್’. ‘ರಿಸರ್ವ್’ ನಿಮಗೆ ಹೊಸದೆ? ರೈಲಿನ ರಿಸರ್ವೇಷನ್ ಯಾರಿಗೆ ಗೊತ್ತಿಲ್ಲ! ಸೀಟನ್ನು ಕಾದಿರಿಸುವಂತೆ ಕೆರೆಯನ್ನು ಹಕ್ಕಿಗಳಿಗಾಗಿ ಕಾದಿರಿಸಿದ್ದಾರೆ. ಇನ್ನು ‘ಕನ್ಸರ್ವೇಷನ್’. ನಾಳೆ ಭೌತಶಾಸ್ತ್ರದಲ್ಲಿ ‘ಕನ್ಸರ್ವೇಷನ್ ಆಫ್ ಎನರ್ಜಿ’ ಎಂದು ಬರುತ್ತದೆ. ಕನ್ನಡ ಪಠ್ಯದಲ್ಲಿ ಅದು ‘ಶಕ್ತಿ ಸಂರಕ್ಷಣೆ’. ಕೆರೆಯ ಹೆಸರಿನಲ್ಲಿರುವುದೂ ಅದೇ ‘ಸಂರಕ್ಷಣೆ’. ಹಕ್ಕಿಗಳ ವಲಸೆ ‘ಮೈಗ್ರೇಷನ್’. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವಾಗ ನೀವು ಕೈಯಲ್ಲಿ ಹಿಡಿದು ಹೋಗಬೇಕಾದ ಮೈಗ್ರೇಷನ್ ಸರ್ಟಿಫಿಕೇಟಿನಲ್ಲಿರುವುದೂ ಅದೇ ಪದ.

ಅದೇ ಯಲಹಂಕದಲ್ಲಿ ರೈಲಿನ ಗಾಲಿಗಳನ್ನು ತಯಾರಿಸುವ ಕಾರ್ಖಾನೆಯಿದೆ. 1984ರಲ್ಲಿ ಆರಂಭವಾದಾಗ ಅದರ ಹೆಸರು ‘ವೀಲ್ ಆಂಡ್ ಆಕ್ಸಲ್ ಪ್ಲಾಂಟ್’ ಎಂದಿತ್ತು. ‘ಆಕ್ಸಲ್’ ಎಂದರೆ ಗಾಡಿಯ ಇರುಸು. ರೇಖಾಗಣಿತದಲ್ಲಿ, ಭೂಗೋಳದಲ್ಲಿ ಬರುವ ‘ಆಕ್ಸಿಸ್’ ಅದರ ನಂಟು. ನಮ್ಮ ‘ಅಕ್ಷ’ವೂ ದೂರದ ನಂಟೇ. ಇರುಸಿನ ಸುತ್ತ ಗಾಲಿ ತಿರುಗುವಂತೆ ಅಕ್ಷದ ಸುತ್ತ ಭೂಮಿ ತಿರುಗುತ್ತದೆ. ಎತ್ತಿನ ಗಾಡಿ ಕಂಡ ಮಗುವಿಗೆ ಈ ಪದವನ್ನು ಮತ್ತೆ ಉರು ಹೊಡೆಸಬೇಕಾಗಿಲ್ಲ.

ಹೊಸ ಪದಗಳಿಗಿಂತ ಹೆಚ್ಚು ತೊಂದರೆ ಕೊಡುವವು, ಗೊತ್ತಿದೆ ಎಂದು ನಾವು ನಂಬಿರುವ ಹಳೆಯ ಪದಗಳು. ‘ಪವರ್ ಹೋಯಿತು’ ಎನ್ನುತ್ತೇವೆ. ಭೌತಶಾಸ್ತ್ರದ ‘ಪವರ್’ ಎಂದರೆ ಸಾಮರ್ಥ್ಯ, ಗಣಿತದ ‘ಪವರ್’ ಎಂದರೆ ಘಾತ. ಟಿ.ವಿ.ಯ ‘ವಾಲ್ಯೂಮ್’ ಸದ್ದು, ಗಣಿತದ್ದು ಘನಫಲ. ತ್ರಿಭುಜದ ‘ಬೇಸ್’ ಪಾದ, ರಸಾಯನಶಾಸ್ತ್ರದ ‘ಬೇಸ್’ ಪ್ರತ್ಯಾಮ್ಲ. ಟಾರ್ಚಿಗೂ ‘ಸೆಲ್’, ದೇಹದಲ್ಲೂ ‘ಸೆಲ್’. ‘ಮೀನ್’ ಎಂದಾಗ ಪುಟ್ಟೇನಹಳ್ಳಿಯ ಹುಡುಗನಿಗೆ ಕೆರೆಯ ಮೀನು ನೆನಪಾದರೆ ತಪ್ಪೇನಿಲ್ಲ, ಆದರೆ ಸಂಖ್ಯಾಶಾಸ್ತ್ರದಲ್ಲಿ ಅದು ಸರಾಸರಿ. ಇಂಗ್ಲಿಷ್ ಒಂದೇ ಪದದಲ್ಲಿ ತುರುಕಿದ್ದನ್ನು ಕನ್ನಡ ಬೇರೆ ಬೇರೆಯಾಗಿ ಬಿಡಿಸಿ ಇಟ್ಟಿರುವುದನ್ನು ನೋಡಿ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿನ ಕೈಯಲ್ಲಿರುವ ಬಂಡವಾಳ ಇದೇ. ಜವ ಬೇರೆ, ವೇಗ ಬೇರೆ ಎಂದು ಕಲಿತವರಿಗೆ ‘ಸ್ಪೀಡ್’ ಮತ್ತು ‘ವೆಲಾಸಿಟಿ’ಗಳ ಭೇದವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ, ಚೀಟಿ ಬದಲಿಸಿದರೆ ಸಾಕು. ಪಿ.ಯು.ಸಿ.ಗೆ ಸೇರಿದೊಡನೆ ಹತ್ತನೆಯ ತರಗತಿಯ ಕನ್ನಡ ಪುಸ್ತಕಗಳನ್ನು ರದ್ದಿಗೆ ಹಾಕುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಅದೇ ಪಾಠದ ಇಂಗ್ಲಿಷ್ ಪುಸ್ತಕವನ್ನು ಪಕ್ಕದಲ್ಲಿಟ್ಟು ಪುಟಕ್ಕೆ ಪುಟ ಹೋಲಿಸಿ ಓದಿಸಿ. ಇದಕ್ಕಿಂತ ಒಳ್ಳೆಯ ನಿಘಂಟನ್ನು ನಾನು ಕಾಣೆ.

ಇನ್ನೊಂದು ಮಾತು, ಪ್ರಶ್ನೆಪತ್ರಿಕೆಯ ಕ್ರಿಯಾಪದಗಳನ್ನು ಕುರಿತು. ‘ಸ್ಟೇಟ್’ ಎಂದರೆ ರಾಜ್ಯ ಎಂದು ಬಲ್ಲ ಹುಡುಗಿ ‘ಸ್ಟೇಟ್ ಓಮ್ಸ್ ಲಾ’ ಎಂಬಲ್ಲಿ ತಡವರಿಸುತ್ತಾಳೆ. ಅಲ್ಲಿ ಅದಕ್ಕೆ ‘ನಿರೂಪಿಸಿ’ ಎಂದರ್ಥ. ‘ಡಿಸ್ಟಿಂಗ್ವಿಷ್’ ಎಂದರೆ ವ್ಯತ್ಯಾಸ ತಿಳಿಸಿ, ‘ಜಸ್ಟಿಫೈ’ ಎಂದರೆ ಕಾರಣ ಕೊಟ್ಟು ಸಮರ್ಥಿಸಿ. ಉತ್ತರ ಗೊತ್ತಿದ್ದೂ ಪ್ರಶ್ನೆ ತಿಳಿಯದೆ ಅಂಕ ಕಳೆದುಕೊಳ್ಳುವುದು ಬಹಳ ಸಂಕಟದ ಸಂಗತಿ. ಇಂಥ ಪದಗಳು ಇಪ್ಪತ್ತು ಇಪ್ಪತ್ತೈದಕ್ಕಿಂತ ಹೆಚ್ಚಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುಂದಿಟ್ಟುಕೊಂಡು ಒಂದು ಭಾನುವಾರ ಕುಳಿತರೆ ಮುಗಿಯಿತು.

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. 2019–20ರಿಂದ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದಿವೆ. ಒಳ್ಳೆಯದೇ. ಆದರೆ ಪ್ರಾಸಪದ್ಯ, ಸಂಭಾಷಣೆಗಳಿಂದ ಬರುವುದು ಬೀದಿಯ ಇಂಗ್ಲಿಷ್. ಪಾಠದ ಇಂಗ್ಲಿಷನ್ನು ವಿಜ್ಞಾನದ ಮೇಷ್ಟ್ರು, ಗಣಿತದ ಮೇಷ್ಟ್ರು ತಮ್ಮ ತಮ್ಮ ಪಾಠದ ಜೊತೆಗೇ ಕಲಿಸಬೇಕಾಗುತ್ತದೆ.

ನಮಗೆ ಇಂಗ್ಲಿಷ್ ಬಾರದು, ನಾವೇನು ಮಾಡೋಣ ಎಂದು ಕೇಳುವ ತಂದೆತಾಯಿಗಳಿಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ರಾತ್ರಿ ಊಟವಾದ ಮೇಲೆ ಅಂದಿನ ಪಾಠದ ಯಾವುದಾದರೂ ಐದು ಇಂಗ್ಲಿಷ್ ಪದಗಳನ್ನು ಮಗುವೇ ಆರಿಸಿ ಓದಲಿ. ‘ಇದಕ್ಕೆ ನಮ್ಮ ಮಾತಿನಲ್ಲಿ ಏನು ಹೇಳುತ್ತೀಯ? ಎಲ್ಲಿ ಕಂಡಿದ್ದೀಯ?’ ಎಂದು ನೀವು ಕೇಳಿ. ವಿವರಿಸಿದರೆ ಸರಿ. ತಡವರಿಸಿದರೆ ಆ ಪದದ ಮುಂದೆ ಪೆನ್ಸಿಲಿನಿಂದ ಒಂದು ಗುರುತು ಹಾಕಿಸಿ. ಮರುದಿನ ತರಗತಿಯಲ್ಲಿ ಮೊದಲು ಕೇಳಬೇಕಾದ ಪದ ಅದು.