ಕಿಕಪೂ ನದಿ: ತೊರೆಗಳಿಂದ ಕಲಿಯಬೇಕಾದ ಪಾಠ



ನದಿಯನ್ನು ಅರಿಯಲು ಅದರ ದಡದಲ್ಲಿ ನಿಂತರೆ ಸಾಲದು; ಅದಕ್ಕೆ ನೀರೂಡುವ ತೊರೆಗಳ ಜಾಡು ಹಿಡಿದು ಗುಡ್ಡವೇರಬೇಕು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಿಕಪೂ ಎಂಬ ಚಿಕ್ಕ ನದಿಯ ಕಥೆ ಇದನ್ನೇ ಸಾರುತ್ತದೆ.

ಸುಮಾರು 200 ಕಿಲೋಮೀಟರ್ ಉದ್ದದ ಈ ನದಿಯು ಮನ್ರೋ ಕೌಂಟಿಯ ಗುಡ್ಡಗಳಲ್ಲಿ ಹುಟ್ಟಿ, ದಕ್ಷಿಣಕ್ಕೆ ಹರಿದು, ವಾಝೀಕಾ ಎಂಬ ಊರಿನ ಬಳಿ ವಿಸ್ಕಾನ್ಸಿನ್ ನದಿಯನ್ನು ಸೇರುತ್ತದೆ. ಆ ನದಿ ಮುಂದೆ ಮಿಸಿಸಿಪ್ಪಿಯನ್ನು ಕೂಡುತ್ತದೆ. ಸುತ್ತಲಿನ ನಾಡನ್ನು ಸವೆಸಿ ಮಟ್ಟಗೊಳಿಸಿದ ಹಿಮಯುಗದ ಹಿಮರಾಶಿ ಈ ಸೀಮೆಯನ್ನು ಆವರಿಸಲಿಲ್ಲ. ಆದ್ದರಿಂದ ಇಲ್ಲಿ ಮರಳುಗಲ್ಲಿನ ಕಡಿದಾದ ಗುಡ್ಡಗಳೂ ಇಕ್ಕಟ್ಟಾದ ಕಣಿವೆಗಳೂ ಉಳಿದುಕೊಂಡವು. ನದಿಯ ಹಾದಿ ತೀರ ಅಂಕುಡೊಂಕು. ಬಿಲಿಂಗ್ಸ್, ವೈಸ್ಟರ್, ಟೇಂಟರ್ ಮೊದಲಾದ ತೊರೆಗಳೂ ಪಶ್ಚಿಮ ಕವಲೆಂಬ ಹಿರಿಯ ಉಪನದಿಯೂ ಇದನ್ನು ತುಂಬಿಸುತ್ತವೆ. ಗುಡ್ಡದ ಮೇಲೆ ಬಿದ್ದ ಜಡಿಮಳೆ ಬಹುಬೇಗ ಕಣಿವೆಯ ಊರುಗಳನ್ನು ತಲುಪುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು ನೆಲೆಸಿದ ರೈತರು ಇಳಿಜಾರುಗಳನ್ನು ಉತ್ತರು. ಮಣ್ಣು ಕೊಚ್ಚಿ ಕಣಿವೆಗಿಳಿಯಿತು. ನೆರೆಯ ಹಾವಳಿ ಹೆಚ್ಚಿತು. ಪರಿಹಾರವೆಂದು ಲಾ ಫಾರ್ಜ್ ಬಳಿ ಅಣೆಕಟ್ಟೆಗೆ 1962ರಲ್ಲಿ ಮಂಜೂರಾತಿ ದೊರೆಯಿತು. ಸುಮಾರು 140 ಕುಟುಂಬಗಳು ಹೊಲಮನೆ ತೊರೆದವು. 1971ರಲ್ಲಿ ಕೆಲಸ ಆರಂಭವಾಯಿತು. ಏರಿದ ವೆಚ್ಚ ಮತ್ತು ಜಲಾಶಯದ ನೀರು ಕೆಡುವ ಭೀತಿಯಿಂದ 1975ರಲ್ಲಿ ನಿಂತಿತು. ಕಟ್ಟೆ ಮುಗಿಯಲಿಲ್ಲ, ಹೋದವರ ಹೊಲವೂ ಮರಳಲಿಲ್ಲ. ಸುಮಾರು 8,600 ಎಕರೆಯ ಆ ನೆಲವಿಂದು ರಕ್ಷಿತ ಪ್ರದೇಶ; ಅದರ ಉಸ್ತುವಾರಿಯಲ್ಲಿ ಮೂಲನಿವಾಸಿಗಳಾದ ಹೋ-ಚಂಕ್ ಜನರೂ ಪಾಲುದಾರರು. ಕೆಳಗಿನ ಸೋಲ್ಜರ್ಸ್ ಗ್ರೋವ್ ಗ್ರಾಮವಂತೂ 1978ರ ನೆರೆಯ ತರುವಾಯ ತನ್ನ ಪೇಟೆಯನ್ನೇ ಎತ್ತರದ ನೆಲೆಗೆ ಸಾಗಿಸಿತು.

ಸಣ್ಣ ಕಟ್ಟೆಗಳಾದರೂ ಕಾಯ್ದವೇ? 2018ರ ಆಗಸ್ಟ್ ಮಳೆಗೆ ಪಶ್ಚಿಮ ಕವಲಿನ ಜಲಾನಯನದ ಎರಡು ಕಟ್ಟೆಗಳು ಒಡೆದವು. ನೀರು ದಾರಿ ಮಾಡಿಕೊಂಡದ್ದು ಕಟ್ಟೆಯ ಮಗ್ಗುಲಿನ ಬಿರುಕುಬಿಟ್ಟ ಮರಳುಗಲ್ಲಿನಲ್ಲಿ.

ನೆರೆಯ ಕೂನ್ ತೊರೆಯ ಜಲಾನಯನದಲ್ಲಿ 1933ರಲ್ಲೇ ಬೇರೊಂದು ದಾರಿ ತೆರೆದಿತ್ತು. ಆ ದೇಶದ ಮೊದಲ ಜಲಾನಯನ ಮಣ್ಣುಸಂರಕ್ಷಣಾ ಪ್ರಾತ್ಯಕ್ಷಿಕೆ ಅಲ್ಲಿ ನಡೆಯಿತು. ರೈತರು ಇಳಿಜಾರಿಗೆ ಅಡ್ಡಲಾಗಿ ಉತ್ತು, ಬೆಳೆಯ ಪಟ್ಟಿಗಳ ನಡುವೆ ಹುಲ್ಲಿನ ಪಟ್ಟಿ ಬೆಳೆಸಿದರು; ಕಡಿದಾದ ನೆಲವನ್ನು ಕಾಡಿಗೆ ಬಿಟ್ಟರು. ಮಣ್ಣಿನ ಸವಕಳಿ ಬಹಳ ತಗ್ಗಿತು. ಆ ಕಣಿವೆಯ ಕಟ್ಟೆಗಳೂ 2018ರಲ್ಲಿ ಒಡೆದವೆಂಬುದು ನಿಜ. ಅತಿವೃಷ್ಟಿಗೆ ಹುಲ್ಲೊಂದೇ ಮದ್ದಲ್ಲ. ಆದರೆ ಹುಲ್ಲು ಹಿಡಿದ ಮಣ್ಣು ಹೊಲದಲ್ಲಿಯೇ ಉಳಿಯುತ್ತದೆ, ಅದಕ್ಕಾಗಿ ಯಾರೂ ಮನೆ ತೊರೆಯಬೇಕಾಗಿಲ್ಲ. ನದಿಯ ಕಾವಲು ಆರಂಭವಾಗುವುದು ಅಣೆಕಟ್ಟೆಯಲ್ಲಲ್ಲ, ಗುಡ್ಡದ ನೆತ್ತಿಯ ಹೊಲದಲ್ಲಿ.